ಬಿಡಿಭಾಗಗಳಿಂದ ವಿಮಾನದವರೆಗೆ: ವಾಲಚಂದ ಹೀರಾಚಂದರ ಬಾಳು

ಜೋಡಿಸುವುದು ಬೇರೆ, ಸೃಷ್ಟಿಸುವುದು ಬೇರೆ ಎಂಬ ಮಾತು ನಮ್ಮಲ್ಲಿ ಬಹಳ ಹಿಂದಿನಿಂದ ರೂಢಿಯಲ್ಲಿದೆ. ಪೆಟ್ಟಿಗೆಯೊಂದರಲ್ಲಿ ತುಂಬಿ ಬರುವ ಬಿಡಿಭಾಗಗಳನ್ನು ಕೂಡಿಸಿ ಮಾದರಿ ವಿಮಾನ ಕಟ್ಟುವ ಹವ್ಯಾಸವನ್ನು ಕಂಡವರಿಗೆ ಈ ಮಾತಿನ ಅರ್ಥ ಚೆನ್ನಾಗಿ ತಿಳಿದೀತು. ಬಾಲ್ಸಾ ಎಂಬ ಹತ್ತಿಯಷ್ಟು ಹಗುರವಾದ ಮರದ ಪಟ್ಟಿಗಳು, ರೆಕ್ಕೆಯ ಪಕ್ಕೆಲುಬುಗಳು, ಮೇಲೆ ಹೊದಿಸುವ ತೆಳುಹಾಳೆ, ಅಂಟು, ತಂತಿ, ಗಾಲಿ ಇವೆಲ್ಲವೂ ಪೆಟ್ಟಿಗೆಯಲ್ಲಿ ಇರುತ್ತವೆ, ನಕ್ಷೆಯೂ ಇರುತ್ತದೆ. ಆಳೆತ್ತರವನ್ನು ಮೀರಿದ ರೆಕ್ಕೆಯ ವಿಮಾನವನ್ನು ಕಟ್ಟಲು ಹೊರಟವನು ತಿಂಗಳುಗಟ್ಟಲೆ ದುಡಿಯಬೇಕು. ರೆಕ್ಕೆಯ ಎರಡು ಭಾಗಗಳಲ್ಲಿ ಕೂದಲೆಳೆಯಷ್ಟು ಸೊಟ್ಟವಿದ್ದರೂ ವಿಮಾನ ಒಂದು ಕಡೆಗೆ ವಾಲುತ್ತದೆ. ತೂಕದ ಕೇಂದ್ರವು ರೆಕ್ಕೆಯ ಅಗಲದಲ್ಲಿ ಮುಂಚೂಣಿಯಿಂದ ಕಾಲುಭಾಗ ಅಥವಾ ಮೂರನೆಯ ಒಂದು ಭಾಗದಷ್ಟು ಹಿಂದೆ ಬೀಳದೆ ಇನ್ನೂ ಹಿಂದಕ್ಕೆ ಸರಿದರೆ ವಿಮಾನ ಮೂಗೆತ್ತಿ ತತ್ತರಿಸಿ ನೆಲಕ್ಕೆ ಬೀಳುತ್ತದೆ. ನೆಲದ ಮೇಲೆ ನಿಂತವನ ಕೈಯಲ್ಲಿರುವ ಪೆಟ್ಟಿಗೆಯಿಂದ ರೇಡಿಯೋ ಅಲೆಗಳು ಹೊರಟು, ವಿಮಾನದ ಹೊಟ್ಟೆಯಲ್ಲಿರುವ ಗ್ರಾಹಕ ಯಂತ್ರವನ್ನು ಸೇರಿ, ಸರ್ವೊ ಎಂಬ ಪುಟ್ಟ ಮೋಟಾರುಗಳ ಮೂಲಕ ಚುಕ್ಕಾಣಿಯನ್ನೂ ಬಾಲದ ಹಲಗೆಯನ್ನೂ ಅಲ್ಲಾಡಿಸುತ್ತವೆ. ಇಷ್ಟೆಲ್ಲ ಆದ ಮೇಲೂ ಒಂದು ವಸ್ತು ಉಳಿಯುತ್ತದೆ, ಅದೇ ಎಂಜಿನು. ಮದ್ಯಸಾರದೊಡನೆ ನಮ್ಮ ಬಯಲುಸೀಮೆಯವರು ಚೆನ್ನಾಗಿ ಬಲ್ಲ ಹರಳೆಣ್ಣೆಯನ್ನು ಬೆರೆಸಿ ಕುಡಿಸಿದರೆ ಗುಂಯ್‌ಗುಡುವ ಈ ಸಣ್ಣ ಯಂತ್ರವನ್ನು ಹವ್ಯಾಸಿಯು ಸಾಮಾನ್ಯವಾಗಿ ತಾನೇ ಮಾಡುವುದಿಲ್ಲ, ಕೊಂಡು ತರುತ್ತಾನೆ. ಹಾಗಾದರೆ ವಿಮಾನವನ್ನು ಮಾಡಿದವನು ಯಾರು? ನಕ್ಷೆ ಬರೆದವನೆ, ಪೆಟ್ಟಿಗೆ ಕಳುಹಿಸಿದವನೆ, ಎಂಜಿನು ಎರಕ ಹೊಯ್ದವನೆ, ಇಲ್ಲವೆ ರಾತ್ರಿಯೆಲ್ಲ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂಡಿಸಿದವನೆ?

ಆಟಿಕೆಯ ವಿಷಯದಲ್ಲಿ ಈ ಪ್ರಶ್ನೆ ಕೇವಲ ವಿನೋದವಾದೀತು. ಆದರೆ ೧೯೪೧ನೆಯ ಇಸವಿಯಲ್ಲಿ, ನಮ್ಮ ಮೈಸೂರು ಸಂಸ್ಥಾನದಲ್ಲಿ, ಇದೇ ಪ್ರಶ್ನೆ ಒಂದು ರಾಷ್ಟ್ರದ ಪ್ರಶ್ನೆಯಾಗಿ ನಿಂತಿತ್ತು. ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಬೆಂಗಳೂರಿನಲ್ಲಿ ಕೂಡಿಸಿ, ಮನುಷ್ಯರು ಕುಳಿತು ಹಾರುವಂಥ ವಿಮಾನವೊಂದನ್ನು ಆ ವರ್ಷ ಆಕಾಶಕ್ಕೆ ಏರಿಸಿದರು. ಅದರ ಹಿಂದೆ ಇದ್ದವರು ಎಂಜಿನಿಯರರಲ್ಲ, ವಿಜ್ಞಾನಿಯಲ್ಲ. ಪದವಿಯನ್ನು ಕೂಡ ಪೂರೈಸದ ಒಬ್ಬ ವರ್ತಕರು. ಅವರೇ ಶೇಠ್ ವಾಲಚಂದ ಹೀರಾಚಂದರು.

ವಾಲಚಂದರು ಹುಟ್ಟಿದ್ದು ೧೮೮೨ನೆಯ ನವೆಂಬರ್ ೨೩ರಂದು, ಸೊಲ್ಲಾಪುರದಲ್ಲಿ. ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ಊರು ಪರಸ್ಥಳವಲ್ಲ. ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿ, ಗುಡಿ ಎತ್ತಿಸಿ, ದುಡಿಮೆಯನ್ನೇ ಪೂಜೆಯೆಂದು ತೋರಿಸಿದ ಸೊನ್ನಲಿಗೆಯೇ ಅದು. ಇಂದು ಮಹಾರಾಷ್ಟ್ರಕ್ಕೆ ಸೇರಿದ್ದರೂ ಕನ್ನಡದ ನುಡಿ ಅಲ್ಲಿಯ ಬೀದಿಗಳಲ್ಲಿ ಈಗಲೂ ಕೇಳಿಸುತ್ತದೆ. ವಾಲಚಂದರ ಮನೆತನದವರು ಗುಜರಾತಿನ ಕಡೆಯಿಂದ ಬಂದು ನೆಲೆಸಿದ ದಿಗಂಬರ ಜೈನರು. ಹತ್ತಿಯ ವ್ಯಾಪಾರ, ಲೇವಾದೇವಿ ಅವರ ಕಸುಬು. ತಂದೆ ಹೀರಾಚಂದರು ಮಗನಿಗೆ ಇಂಗ್ಲಿಷ್ ವಿದ್ಯಾಭ್ಯಾಸ ಮಾಡಿಸಿದರು. ಹುಡುಗ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನಲ್ಲಿಯೂ ಪುಣೆಯ ಡೆಕ್ಕನ್ ಕಾಲೇಜಿನಲ್ಲಿಯೂ ಓದಿದನು. ಆದರೆ ಮನೆಯ ವ್ಯವಹಾರದ ಹೊರೆ ಹೆಗಲಿಗೆ ಬಿದ್ದುದರಿಂದ ಪದವಿ ಕೈಗೆ ಸಿಗುವ ಮೊದಲೇ ಓದು ನಿಂತಿತು.

ಅಂಗಡಿಯ ಗಾದಿಯ ಮೇಲೆ ಕುಳಿತು ಬಡ್ಡಿ ಎಣಿಸುವ ಬಾಳು ಈ ತರುಣರಿಗೆ ಒಗ್ಗಲಿಲ್ಲ. ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿದ್ದು ಗುತ್ತಿಗೆ ಕೆಲಸಕ್ಕೆ ಇಳಿದಿದ್ದ ಲಕ್ಷ್ಮಣರಾವ್ ಫಾಟಕರೆಂಬವರ ಪರಿಚಯವಾಯಿತು. ಫಾಟಕರಿಗೆ ಕೆಲಸ ಗೊತ್ತಿತ್ತು, ಬಂಡವಾಳವಿರಲಿಲ್ಲ. ವಾಲಚಂದರಿಗೆ ಬಂಡವಾಳ ಹೊಂದಿಸುವ ಶಕ್ತಿಯಿತ್ತು, ಕೆಲಸ ಗೊತ್ತಿರಲಿಲ್ಲ. ಇಬ್ಬರೂ ಪಾಲುದಾರರಾದರು. ಬಾರ್ಸಿ ಸಣ್ಣ ರೈಲುಮಾರ್ಗದ ಒಂದು ತುಂಡನ್ನು ಹಾಕಿಕೊಡುವ ಗುತ್ತಿಗೆಯಿಂದ ಆರಂಭವಾದ ಈ ಸಾಹಸ ಮುಂದೆ ದೊಡ್ಡ ನಿರ್ಮಾಣ ಸಂಸ್ಥೆಯಾಗಿ ಬೆಳೆಯಿತು. ಮುಂಬಯಿ ಪುಣೆಗಳ ನಡುವಣ ಬೋರ್ ಘಾಟಿಯ ಸುರಂಗಗಳು ಅವರ ಗುತ್ತಿಗೆಯಲ್ಲಿ ಕೊರೆದಂಥವು. ೧೯೨೬ರಲ್ಲಿ ಹಿಂದೂಸ್ಥಾನ್ ಕನ್‌ಸ್ಟ್ರಕ್ಷನ್ ಕಂಪನಿ ಹುಟ್ಟಿತು. ವಾಲಚಂದರ ಮುಂದಿನ ಬಾಳನ್ನೆಲ್ಲ ಬೆಳಗಿಸುವ ಸೂತ್ರ ಇಲ್ಲಿಯೇ ದೊರೆಯುತ್ತದೆ. ತಮಗೆ ಗೊತ್ತಿಲ್ಲದ ವಿದ್ಯೆಯುಳ್ಳವರನ್ನು ಹುಡುಕಿ, ಹಣವನ್ನೂ ನೆಲವನ್ನೂ ಒದಗಿಸಿ, ಚೆಲ್ಲಾಪಿಲ್ಲಿಯಾದ ಭಾಗಗಳನ್ನು ಒಂದು ಮಾಡುವುದೇ ಅವರ ಪ್ರತಿಭೆ. ಅವರು ಹುಟ್ಟು ಜೋಡಣೆಗಾರರು.

ಒಂದನೆಯ ಮಹಾಯುದ್ಧ ಮುಗಿಯುತ್ತಿದ್ದ ಹೊತ್ತಿಗೆ ಅವರ ದೃಷ್ಟಿ ಸಮುದ್ರದ ಕಡೆಗೆ ತಿರುಗಿತು. ಅಂದು ಭಾರತದ ಕಡಲ ವ್ಯಾಪಾರವೆಲ್ಲ ಬ್ರಿಟಿಷ್ ಹಡಗು ಕಂಪನಿಗಳ ಮುಷ್ಟಿಯಲ್ಲಿತ್ತು. ಗ್ವಾಲಿಯರ್ ಮಹಾರಾಜರ ಬಳಿಯಿದ್ದ, ಯುದ್ಧಕಾಲದಲ್ಲಿ ಆಸ್ಪತ್ರೆಯಾಗಿದ್ದ ಲಾಯಲ್ಟಿ ಎಂಬ ಹಡಗನ್ನು ವಾಲಚಂದರೂ ಅವರ ಮಿತ್ರರಾದ ನರೋತ್ತಮ ಮೊರಾರ್ಜಿ ಮುಂತಾದವರೂ ಕೊಂಡರು. ಸಿಂಧಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ ೧೯೧೯ರಲ್ಲಿ ಸ್ಥಾಪಿತವಾಯಿತು. ಅದೇ ವರ್ಷದ ಏಪ್ರಿಲ್ ೫ರಂದು ಲಾಯಲ್ಟಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿತು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ನೌಕಾಯಾನ ದಿನವೆಂದು ಆಚರಿಸುವರು. ಆ ಹಡಗು ಲಾಭವನ್ನೇನೂ ತರಲಿಲ್ಲ. ಬ್ರಿಟಿಷ್ ಕಂಪನಿಗಳು ಬಾಡಿಗೆಯ ದರವನ್ನು ಪಾತಾಳಕ್ಕಿಳಿಸಿ ಹೊಸ ಕಂಪನಿಯ ಉಸಿರು ಕಟ್ಟಿಸಲು ನೋಡಿದವು. ವಾಲಚಂದರು ಜಗ್ಗಲಿಲ್ಲ. ಆದರೆ ಈ ಹೋರಾಟ ಅವರಿಗೆ ಒಂದು ಪಾಠವನ್ನು ಕಲಿಸಿತು: ಹಡಗನ್ನು ಓಡಿಸಿದರೆ ಸಾಲದು, ಹಡಗನ್ನು ಕಟ್ಟಬೇಕು. ಪರರು ಕಟ್ಟಿಕೊಟ್ಟ ವಾಹನದಲ್ಲಿ ಎಷ್ಟು ದೂರ ಹೋದರೂ ಹಗ್ಗದ ತುದಿ ಪರರ ಕೈಯಲ್ಲಿಯೇ ಇರುತ್ತದೆ. ಹಡಗು, ಮೋಟಾರು, ವಿಮಾನ ಎಂಬ ಮೂರು ವಾಹನಗಳೂ ಈ ನೆಲದಲ್ಲಿಯೇ ತಯಾರಾಗಬೇಕೆಂಬ ಹಂಬಲ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಮೋಟಾರಿನ ಪ್ರಯತ್ನವೇ ಅವರನ್ನು ಮೈಸೂರಿನ ಕಡೆಗೆ ಎಳೆದು ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದ ತರುವಾಯವೂ ಕೈಕಟ್ಟಿ ಕುಳಿತವರಲ್ಲ. ೧೯೩೫ರಲ್ಲಿ ಯೂರೋಪು ಅಮೆರಿಕಗಳಲ್ಲಿ ಸಂಚರಿಸಿ, ಭಾರತದಲ್ಲಿ ಮೋಟಾರು ಕಾರಖಾನೆಯನ್ನು ಸ್ಥಾಪಿಸುವ ಯೋಜನೆಯೊಂದನ್ನು ಅವರು ಸಿದ್ಧಪಡಿಸಿದ್ದರು. ವಾಲಚಂದರು ಅದನ್ನು ಕೈಗೆತ್ತಿಕೊಂಡರು. ದಿವಾನ್ ಮಿರ್ಜಾ ಇಸ್ಮಾಯಿಲರು ಕಾರಖಾನೆ ಬೆಂಗಳೂರಿಗೆ ಬರಲೆಂದು ಬಯಸಿದರು. ಆದರೆ ಭಾರತ ಸರಕಾರ ಒಪ್ಪಿಗೆ ಕೊಡಲಿಲ್ಲ. ಬೆಂಗಳೂರಿನ ಮೋಟಾರು ಕನಸಾಗಿಯೇ ಉಳಿಯಿತು; ೧೯೪೪ರಲ್ಲಿ ವಾಲಚಂದರು ಅದನ್ನು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಿಂದ ನನಸು ಮಾಡಬೇಕಾಯಿತು. ಆದರೂ ಈ ಸೋಲು ವ್ಯರ್ಥವಾಗಲಿಲ್ಲ. ಮೈಸೂರಿನ ದಿವಾನರಿಗೂ ಸೊಲ್ಲಾಪುರದ ವರ್ತಕರಿಗೂ ಪರಸ್ಪರ ನಂಬಿಕೆ ಬೆಳೆದಿತ್ತು.

ಈ ಮೋಟಾರಿನ ಸಲುವಾಗಿಯೇ ವಾಲಚಂದರು ೧೯೩೯ರಲ್ಲಿ ಅಮೆರಿಕಕ್ಕೆ ಹೋದರು. ಹಿಂದಿರುಗುವಾಗ ಪೆಸಿಫಿಕ್ ಮಹಾಸಾಗರವನ್ನು ದಾಟುತ್ತಿದ್ದ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ಅಮೆರಿಕನ್ ಉದ್ಯಮಿಯ ಭೇಟಿಯಾಯಿತು. ಪಾಲಿ ಚೀನಾ ದೇಶದಲ್ಲಿ ವಿಮಾನ ಕಾರಖಾನೆ ನಡೆಸುತ್ತಿದ್ದವನು. ಅಮೆರಿಕದಿಂದ ಭಾಗಗಳನ್ನು ತರಿಸಿ, ಬರ್ಮಾದ ಗಡಿಗೆ ಸಮೀಪದ ಕಾಡುಸೀಮೆಯಲ್ಲಿ ಚೀನೀ ಕೆಲಸಗಾರರ ಕೈಯಿಂದ ಅವನ್ನು ಕೂಡಿಸಿ, ಜಪಾನಿನ ವಿರುದ್ಧ ಹೋರಾಡುತ್ತಿದ್ದ ಚೀನಾ ಸರಕಾರಕ್ಕೆ ಒದಗಿಸುತ್ತಿದ್ದನು. ಚೀನೀಯರ ಕೈಯಿಂದ ಆಗುವುದು ಭಾರತೀಯರ ಕೈಯಿಂದ ಏಕೆ ಆಗದು ಎಂಬ ವಿಚಾರ ವಾಲಚಂದರ ಮನಸ್ಸಿನಲ್ಲಿ ಕುಡಿಯೊಡೆಯಲು ಆ ಪ್ರಯಾಣ ಸಾಕಾಯಿತು. ಭಾರತದಲ್ಲಿ ವಿಮಾನ ಕಾರಖಾನೆ ತೆರೆಯಲು ಸಿದ್ಧನಿರುವೆನೆಂದು ಅವರು ಸರಕಾರಕ್ಕೆ ಪ್ರಸ್ತಾಪ ಕಳುಹಿಸಿದರು.

ಮೊದಲು ಬಂದದ್ದು ಮೌನ. ವಸಾಹತಿನಲ್ಲಿ ವಿಮಾನ ತಯಾರಾಗುವುದು ಲಂಡನ್ನಿನ ಅಧಿಕಾರಿಗಳಿಗೆ ರುಚಿಸುವ ಸಂಗತಿಯಾಗಿರಲಿಲ್ಲ. ಆದರೆ ೧೯೪೦ನೆಯ ಜೂನ್ ತಿಂಗಳಲ್ಲಿ ಫ್ರಾನ್ಸ್ ದೇಶ ಜರ್ಮನಿಗೆ ಶರಣಾಯಿತು. ಬ್ರಿಟನ್ ತನ್ನ ವಿಮಾನಗಳನ್ನೆಲ್ಲ ತನ್ನ ದ್ವೀಪದ ರಕ್ಷಣೆಗೇ ಇಟ್ಟುಕೊಳ್ಳಬೇಕಾದ ಕಾಲ ಒದಗಿತು. ಆಗ ಭಾರತದ ರಕ್ಷಣೆಗೆ ವಿಮಾನಗಳು ಎಲ್ಲಿಂದ ಬರಬೇಕು? ಹಿಂದಿನ ವರ್ಷ ಯಾರಿಗೂ ಬೇಡವಾಗಿದ್ದ ಪ್ರಸ್ತಾಪ ಈಗ ಎಲ್ಲರಿಗೂ ಬೇಕಾಯಿತು. ಒಪ್ಪಿಗೆ ದೊರೆಯಿತು. ಇನ್ನು ಉಳಿದದ್ದು ನೆಲದ ಮತ್ತು ಹಣದ ಪ್ರಶ್ನೆ.

ಇಲ್ಲಿ ಮೈಸೂರು ಮುಂದೆ ಬಂದಿತು. ಮಿರ್ಜಾ ಇಸ್ಮಾಯಿಲರು ಬೆಂಗಳೂರಿನ ಪೂರ್ವದಲ್ಲಿ ಏಳುನೂರು ಎಕರೆ ನೆಲವನ್ನು ಕೊಡಲು ಒಪ್ಪಿದರು. ಸಂಸ್ಥಾನದ ಬೊಕ್ಕಸದಿಂದ ಇಪ್ಪತ್ತೈದು ಲಕ್ಷ ರೂಪಾಯಿ ಹೂಡಲು ಮುಂದಾದರು. ಆ ವರ್ಷವೇ ಆಗಸ್ಟ್ ೩ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾಗಿ, ಜಯಚಾಮರಾಜೇಂದ್ರ ಒಡೆಯರು ಪಟ್ಟಕ್ಕೆ ಬಂದರು. ಆದರೂ ಕೆಲಸ ನಿಲ್ಲಲಿಲ್ಲ. ೧೯೪೦ನೆಯ ಡಿಸೆಂಬರ್ ೨೩ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಬೆಂಗಳೂರಿನಲ್ಲಿ ನೋಂದಣಿಯಾಯಿತು. ಅದರ ಅಧಿಕೃತ ಬಂಡವಾಳ ನಾಲ್ಕು ಕೋಟಿ ರೂಪಾಯಿ. ೧೯೪೧ನೆಯ ಮಾರ್ಚ್ ತಿಂಗಳಲ್ಲಿ ಭಾರತ ಸರಕಾರವೂ ಇಪ್ಪತ್ತೈದು ಲಕ್ಷ ಹಾಕಿ, ಎಪ್ಪತ್ತೈದು ಲಕ್ಷದ ಬಂಡವಾಳದಲ್ಲಿ ಮೂರನೆಯ ಒಂದು ಭಾಗಕ್ಕೆ ಪಾಲುದಾರನಾಯಿತು.

ಮೈಸೂರಿಗೆ ಈ ಧೈರ್ಯ ಬಂದದ್ದು ಒಂದು ದಿನದಲ್ಲಲ್ಲ. ಹಿಂದೆ ಕಡೂರು ಜಿಲ್ಲೆಯೆಂದೇ ಹೆಸರಾಗಿದ್ದ ನಮ್ಮ ಸೀಮೆಯವರು ಇದನ್ನು ವಿಶೇಷವಾಗಿ ನೆನೆಯಬೇಕು. ತರೀಕೆರೆಯ ನೆತ್ತಿಯ ಮೇಲಿನ ಕೆಮ್ಮಣ್ಣುಗುಂಡಿಯ ಅದಿರು ತೂಗುತೊಟ್ಟಿಗಳಲ್ಲಿ ಬೆಟ್ಟದಿಂದ ತಣಿಗೆಬೈಲಿಗೆ ಇಳಿದು, ಅಲ್ಲಿಂದ ರೈಲಿನಲ್ಲಿ ಭದ್ರಾವತಿಗೆ ಹೋಗಿ ಕಬ್ಬಿಣವಾಗುತ್ತಿತ್ತು. ಭದ್ರಾವತಿಯ ಕಬ್ಬಿಣದ ಕಾರಖಾನೆ ಕೆಲಸ ಆರಂಭಿಸಿದ್ದು ೧೯೨೩ರಲ್ಲಿ. ಮೊದಮೊದಲು ನಷ್ಟವೇ ಹೆಚ್ಚು. ಬಿಳಿಯಾನೆಯನ್ನು ಸಾಕುತ್ತಿದ್ದೇವೆಂದು ಮೂದಲಿಸಿದವರಿಗೆ ಕೊರತೆಯಿರಲಿಲ್ಲ. ಆದರೂ ಸಂಸ್ಥಾನ ಅದನ್ನು ಮುಚ್ಚಲಿಲ್ಲ. ೧೯೦೨ರಿಂದ ಶಿವನಸಮುದ್ರದ ವಿದ್ಯುತ್ತು ಇತ್ತು; ಬೆಂಗಳೂರಿನಲ್ಲಿ ತಾತಾ ವಿಜ್ಞಾನ ಮಂದಿರ ಇತ್ತು. ವಿಮಾನದ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದೇ ಹೊರತು ನಮ್ಮ ಬೆಟ್ಟದ ಕಬ್ಬಿಣದ್ದಲ್ಲ, ನಿಜ. ಆದರೆ ಕಾರಖಾನೆಯೆಂದರೆ ಹೆದರದ ಒಂದು ಆಡಳಿತ, ಯಂತ್ರದ ಸದ್ದಿಗೆ ಕಿವಿ ಒಗ್ಗಿದ ಒಂದು ಜನಾಂಗ ಇಲ್ಲಿ ಸಿದ್ಧವಾಗಿತ್ತು. ಅದನ್ನು ಸಿದ್ಧಪಡಿಸಿದ ಕೀರ್ತಿಯಲ್ಲಿ ತರೀಕೆರೆಯ ಕಾಡಿನಲ್ಲಿ ಅದಿರು ಅಗೆದವರಿಗೂ ಇದ್ದಲು ಸುಟ್ಟವರಿಗೂ ಪಾಲಿದೆ.

ಬೆಂಗಳೂರಿನ ಹೊರಬಯಲಿನಲ್ಲಿ ಚಾವಣಿಗಳು ಎದ್ದವು. ಮೊದಲ ಕೆಲಸಕ್ಕೆ ಆರಿಸಿದ ವಿಮಾನ ಹಾರ್ಲೋ ಎಂಬ ಅಮೆರಿಕನ್ ತರಬೇತಿ ವಿಮಾನ. ಒಂದೇ ಜೊತೆ ರೆಕ್ಕೆಯ, ಲೋಹದ ಮೈಯ, ಶಿಕ್ಷಕನೂ ಶಿಷ್ಯನೂ ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವ ಎರಡಾಸನದ ವಿಮಾನ ಅದು. ಅದರ ಮೂಗಿನಲ್ಲಿ ವಾರ್ನರ್ ಕಂಪನಿಯ ಎಂಜಿನು. ಅಚ್ಚಿನ ಸುತ್ತ ಏಳು ಸಿಲಿಂಡರುಗಳು ನಕ್ಷತ್ರದ ಕಿರಣಗಳಂತೆ ಹರಡಿದ, ಗಾಳಿಯಿಂದಲೇ ತಂಪಾಗುವ ಯಂತ್ರ. ಭಾಗಗಳು ಅಮೆರಿಕದಿಂದ ಬಂದವು. ಅವನ್ನು ಕೂಡಿಸುವ ಕೆಲಸ ಸಾಮಾನ್ಯವಲ್ಲ. ಲೋಹದ ತಗಡುಗಳನ್ನು ಸಾವಿರಾರು ರಿವೆಟ್ಟುಗಳಿಂದ ಬಿಗಿಯಬೇಕು. ಒಂದು ರಿವೆಟ್ಟು ಸಡಿಲವಾದರೆ ಕಂಪನದಲ್ಲಿ ನೆರೆಯದೂ ಸಡಿಲವಾಗುತ್ತದೆ. ರೆಕ್ಕೆ ಮೈಗೆ ಕೂಡುವ ಕೋನ ಎರಡು ಕಡೆಗೂ ಒಂದೇ ಇರಬೇಕು. ಚುಕ್ಕಾಣಿಯ ತಂತಿಗಳಿಗೆ ಹದವಾದ ಬಿಗಿತ ಬೇಕು. ಎಂಜಿನನ್ನು ನಿಲ್ಲಿಸಿ, ಎಣ್ಣೆಯ ನಾಳಗಳನ್ನು ಜೋಡಿಸಿ, ನೆಲದ ಮೇಲೆಯೇ ಬಹಳ ಹೊತ್ತು ಓಡಿಸಿ ಪರೀಕ್ಷಿಸಿದ ಮೇಲಲ್ಲದೆ ಆಕಾಶದ ಮಾತಿಲ್ಲ. ಮಾದರಿ ವಿಮಾನದಲ್ಲಿ ತಪ್ಪಾದರೆ ಮುರಿಯುವುದು ಬಾಲ್ಸಾ ಮರ. ಇಲ್ಲಿ ಹೋಗುವುದು ಮನುಷ್ಯರ ಪ್ರಾಣ.

೧೯೪೧ನೆಯ ಆಗಸ್ಟ್ ತಿಂಗಳಲ್ಲಿ ಮೊದಲನೆಯ ಹಾರ್ಲೋ ಬೆಂಗಳೂರಿನ ಆಕಾಶದಲ್ಲಿ ಹಾರಿತು. ಕಂಪನಿ ನೋಂದಣಿಯಾಗಿ ಎಂಟೇ ತಿಂಗಳು ಕಳೆದಿದ್ದವು. ಮರುವರ್ಷದ ಜುಲೈ ತಿಂಗಳಲ್ಲಿ ಕರ್ಟಿಸ್ ಹಾಕ್ ಎಂಬ ಹೋರಾಟದ ವಿಮಾನ ಇಲ್ಲಿಯೇ ಸಿದ್ಧವಾಗಿ ಮೇಲೇರಿತು. ವಲ್ಟಿ ವೆಂಜೆನ್ಸ್ ಎಂಬ ಬಾಂಬರ್ ವಿಮಾನದ ಕೆಲಸವೂ ಯೋಜನೆಯಲ್ಲಿತ್ತು. ಗಟಿಂಗೆನ್ನಿನಲ್ಲಿ ಪ್ರಾಂಟಲ್ ಎಂಬ ಮಹಾವಿಜ್ಞಾನಿಯ ಬಳಿ ಓದಿ ಬಂದಿದ್ದ ವಿ. ಎಂ. ಘಾಟಗೆಯವರು ಈ ಕಾರಖಾನೆಯನ್ನು ಸೇರಿ, ಎಂಜಿನಿಲ್ಲದೆ ತೇಲುವ ಹತ್ತು ಆಸನಗಳ ಗ್ಲೈಡರೊಂದನ್ನು ತಾವೇ ರೂಪಿಸಿದರು. ೧೯೪೨ರಲ್ಲಿ ತಾತಾ ವಿಜ್ಞಾನ ಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗ ತೆರೆಯಿತು. ಪೆಟ್ಟಿಗೆಯ ಭಾಗಗಳನ್ನು ಕೂಡಿಸುವ ಚಾವಣಿಯ ಪಕ್ಕದಲ್ಲಿಯೇ ನಕ್ಷೆ ಬರೆಯುವ ಮೇಜು ಬಂದಿತು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ.

ಆದರೆ ಕಟ್ಟಿದವರಿಗೆ ಅದರ ಫಲವನ್ನು ಉಣ್ಣುವ ಯೋಗವಿರಲಿಲ್ಲ. ೧೯೪೧ನೆಯ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕೆ ಇಳಿಯಿತು. ಕೆಲವೇ ತಿಂಗಳುಗಳಲ್ಲಿ ಮಲಯ, ಸಿಂಗಪುರಗಳು ಬಿದ್ದು ಬರ್ಮಾ ಕುಸಿಯತೊಡಗಿತು. ಯುದ್ಧ ಭಾರತದ ಬಾಗಿಲಿಗೆ ಬಂದಾಗ ಏಕೈಕ ವಿಮಾನ ಕಾರಖಾನೆ ವರ್ತಕರೊಬ್ಬರ ಕೈಯಲ್ಲಿರುವುದು ಸರಕಾರಕ್ಕೆ ಒಪ್ಪಿಗೆಯಾಗಲಿಲ್ಲ. ವಾಲಚಂದರೂ ಅವರ ಸಂಗಡಿಗರೂ ತಮ್ಮ ಪಾಲನ್ನು ಮಾರಿ ಹೊರಗೆ ಹೋಗಬೇಕಾಯಿತು. ೧೯೪೨ನೆಯ ಏಪ್ರಿಲ್ ೨ರಂದು ಕಾರಖಾನೆ ಸರಕಾರದ ವಶವಾದುದು ಪ್ರಕಟವಾಯಿತು. ಮೈಸೂರು ಸಂಸ್ಥಾನ ತನ್ನ ಪಾಲನ್ನು ಮಾತ್ರ ಬಿಟ್ಟುಕೊಡಲಿಲ್ಲ. ಆಡಳಿತದ ಅಧಿಕಾರವನ್ನು ಬಿಟ್ಟುಕೊಟ್ಟು ಪಾಲುದಾರನಾಗಿ ಉಳಿಯಿತು.

ಅದೇ ವಾರ ಇನ್ನೊಂದು ಪೆಟ್ಟು ಬಿದ್ದಿತು. ವಾಲಚಂದರ ಸಿಂಧಿಯಾ ಕಂಪನಿ ವಿಶಾಖಪಟ್ಟಣದಲ್ಲಿ ಹಡಗು ಕಟ್ಟುವ ಕಾರಖಾನೆಯನ್ನು ಆರಂಭಿಸಿ, ೧೯೪೧ನೆಯ ಜೂನ್ ೨೧ರಂದು ಬಾಬು ರಾಜೇಂದ್ರಪ್ರಸಾದರಿಂದ ಅಸ್ತಿಭಾರ ಹಾಕಿಸಿತ್ತು. ೧೯೪೨ನೆಯ ಏಪ್ರಿಲ್ ೬ರಂದು ಜಪಾನೀ ವಿಮಾನಗಳು ಆ ಬಂದರಿನ ಮೇಲೆ ಬಾಂಬು ಸುರಿದವು. ನಾಲ್ಕು ದಿನಗಳ ಅಂತರದಲ್ಲಿ ಒಂದು ಕನಸು ಕೈತಪ್ಪಿತು, ಇನ್ನೊಂದು ಕನಸಿಗೆ ಬೆಂಕಿ ಬಿದ್ದಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಬಾಳಿನಲ್ಲಿ ಇಷ್ಟು ಕಟುವಾಗಿ ಕಂಡವರು ವಿರಳ. ವಾಲಚಂದರಿಗೆ ಆಗ ಅರುವತ್ತು ವರ್ಷ ಸಮೀಪಿಸಿತ್ತು. ಬೇರೆಯವರಾಗಿದ್ದರೆ ಸಾಕೆನ್ನುತ್ತಿದ್ದರು. ಅವರು ಹಾಗೆನ್ನಲಿಲ್ಲ. ಹಡಗಿನ ಕೆಲಸ ಮತ್ತೆ ಆರಂಭವಾಯಿತು. ಸ್ವಾತಂತ್ರ್ಯ ಬಂದ ಮರುವರ್ಷ, ೧೯೪೮ನೆಯ ಮಾರ್ಚ್ ೧೪ರಂದು, ಜಲಉಷಾ ಎಂಬ ಹಡಗನ್ನು ಪಂಡಿತ ನೆಹರೂ ನೀರಿಗೆ ಇಳಿಸಿದರು.

ಬೆಂಗಳೂರಿನ ಕಾರಖಾನೆಯಲ್ಲಿ ಸರಕಾರದ ವಶವಾದ ಬಳಿಕ ವಿಮಾನ ತಯಾರಿಕೆ ಹಿಂದೆ ಬಿದ್ದು, ಯುದ್ಧದಲ್ಲಿ ಪೆಟ್ಟು ತಿಂದ ವಿಮಾನಗಳ ದುರಸ್ತಿಯೇ ಮುಖ್ಯವಾಯಿತು. ೧೯೪೩ರಲ್ಲಿ ಅಮೆರಿಕದ ಸೈನ್ಯವೇ ಅದನ್ನು ನಡೆಸತೊಡಗಿತು. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದು ಇಳಿಯುತ್ತಿದ್ದವು. ತಯಾರಿಕೆಯ ಆಸೆ ಮುರುಟಿದಂತೆ ಕಂಡರೂ ಬಗೆಬಗೆಯ ವಿಮಾನಗಳ ಒಡಲನ್ನು ಬಿಚ್ಚಿ ಮತ್ತೆ ಕೂಡಿಸಿದ ನಮ್ಮ ಕೆಲಸಗಾರರು ಆ ವರ್ಷಗಳಲ್ಲಿ ಕಲಿತ ವಿದ್ಯೆ ಯಾವ ಕಾಲೇಜಿನಲ್ಲಿಯೂ ಸಿಗುವಂಥದಾಗಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ವಿಮರ್ಶೆಯ ಮಾತನ್ನೂ ಆಡಬೇಕು. ವಾಲಚಂದರು ಸಂತರಲ್ಲ, ವರ್ತಕರು. ಲಾಭದ ಲೆಕ್ಕವಿಲ್ಲದೆ ಅವರು ಹೆಜ್ಜೆಯಿಟ್ಟವರಲ್ಲ. ಯುದ್ಧಕಾಲದ ಬೇಡಿಕೆಯನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಬೆಂಗಳೂರಿನಲ್ಲಿ ಆದದ್ದು ಪರರ ವಿಮಾನದ ಜೋಡಣೆಯೇ ಹೊರತು ನಿರ್ಮಾಣವಲ್ಲ ಎಂಬ ಆಕ್ಷೇಪದಲ್ಲಿಯೂ ಸತ್ಯಾಂಶವಿದೆ. ನಕ್ಷೆ ಪರರದು, ಲೋಹ ಪರರದು, ಎಂಜಿನು ಪರರದು. ಹಾಗಾದರೆ ನಮ್ಮದೇನು?

ಈ ಪ್ರಶ್ನೆಗೆ ಕಡೂರಿನ ನೆಲವೇ ಉತ್ತರ ಹೇಳುತ್ತದೆಯೆಂದು ತೋರುತ್ತದೆ. ಅಯ್ಯನಕೆರೆಯಿಂದ ವೇದಾ ಹೊರಡುತ್ತದೆ. ಮದಗದ ಕೆರೆಯಿಂದ ಅವತಿ ಹೊರಡುತ್ತದೆ. ಬೇರೆ ಬೇರೆಯಾಗಿದ್ದಾಗ ಅವು ಎರಡು ಹಳ್ಳಗಳು. ಕಡೂರಿನ ಬಳಿ ಕೂಡಿದ ಮೇಲೆ ವೇದಾವತಿಯೆಂಬ ನದಿ. ಕೂಡಿದ್ದರಿಂದ ಒಂದು ಹನಿ ನೀರೂ ಹೊಸದಾಗಿ ಹುಟ್ಟಲಿಲ್ಲವೆಂದು ವಾದಿಸಬಹುದು. ಆದರೂ ಮುಂದಿನ ಬಯಲಿಗೆಲ್ಲ ನೀರುಣಿಸುವುದು ಕೂಡಿದ ನದಿಯೇ. ಜೋಡಣೆಯಿಂದ ಹುಟ್ಟುವುದು ವಸ್ತುವಿಗಿಂತ ಹೆಚ್ಚಾಗಿ ಅದನ್ನು ಜೋಡಿಸಿದ ಕೈ. ಹಾರ್ಲೋ ವಿಮಾನ ಇಂದು ಯಾರ ನೆನಪಿನಲ್ಲಿಯೂ ಇಲ್ಲ. ಅದನ್ನು ಕೂಡಿಸಲು ಕಲಿತ ಕೈಗಳು ಮಾತ್ರ ಕೆಲಸ ನಿಲ್ಲಿಸಲಿಲ್ಲ.

ಹತ್ತು ವರ್ಷಗಳ ತರುವಾಯ, ೧೯೫೧ನೆಯ ಆಗಸ್ಟ್ ತಿಂಗಳಲ್ಲಿ, ಅದೇ ಬಯಲಿನಿಂದ ಎಚ್.ಟಿ.-೨ ಎಂಬ ತರಬೇತಿ ವಿಮಾನ ಮೇಲೇರಿತು. ಅದರ ನಕ್ಷೆ ಘಾಟಗೆಯವರ ಮುಂದಾಳ್ತನದಲ್ಲಿ ಇಲ್ಲಿಯೇ ರೂಪುಗೊಂಡದ್ದು. ಮೈ ಇಲ್ಲಿಯೇ ಕಟ್ಟಿದ್ದು. ಪೆಟ್ಟಿಗೆಯ ವಿಮಾನ ಕೂಡಿಸಲು ಕಲಿತ ಹುಡುಗ ತನ್ನದೇ ನಕ್ಷೆಯನ್ನು ಬರೆದಂತಾಯಿತು. ಆದರೆ ಅದರ ಎಂಜಿನು ಬ್ರಿಟನ್ನಿನ ಸಿರಸ್ ಮೇಜರ್. ೧೯೬೧ನೆಯ ಜೂನ್ ೧೭ರಂದು ಹಾರಿದ ಮಾರುತ್ ಎಂಬ ಯುದ್ಧವಿಮಾನದ ಕಥೆಯೂ ಹೆಚ್ಚು ಕಡಿಮೆ ಇದೇ. ಜರ್ಮನಿಯ ಕುರ್ಟ್ ಟ್ಯಾಂಕರ ನೇತೃತ್ವದಲ್ಲಿ ಬೆಂಗಳೂರಿನಲ್ಲಿಯೇ ರೂಪುಗೊಂಡ ಆ ಸುಂದರ ವಿಮಾನಕ್ಕೆ ತಕ್ಕ ಬಲದ ಎಂಜಿನು ಕೊನೆಗೂ ದೊರೆಯಲಿಲ್ಲ. ಉದ್ದೇಶಿಸಿದ ವೇಗವನ್ನು ಅದು ಮುಟ್ಟಲಿಲ್ಲ. ೨೦೦೧ನೆಯ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ತೇಜಸ್ ಕೂಡ ಅಮೆರಿಕದ ಎಂಜಿನಿನ ಬಲದಿಂದಲೇ ಹಾರಿತು. ಕಾವೇರಿಯೆಂಬ ಹೆಸರಿನಿಂದ ನಮ್ಮವರೇ ಕೈಗೊಂಡ ಎಂಜಿನಿನ ಪ್ರಯತ್ನ ತೇಜಸ್ಸಿನ ಒಡಲನ್ನು ಸೇರಲಿಲ್ಲ. ವಿಮಾನದ ಮೈಯನ್ನು ಕಟ್ಟುವುದು ಒಂದು ವಿದ್ಯೆ, ಅದರ ಉಸಿರನ್ನು ಕಟ್ಟುವುದು ಇನ್ನೊಂದು ವಿದ್ಯೆ. ಸಾವಿರ ಡಿಗ್ರಿಗೂ ಮೀರಿದ ಬೆಂಕಿಯಲ್ಲಿ ನಿಮಿಷಕ್ಕೆ ಸಾವಿರಾರು ಸಲ ಸುತ್ತಿಯೂ ಕರಗದ, ಬಿರುಕು ಬಿಡದ ಲೋಹದ ಅಲಗುಗಳನ್ನು ಮಾಡುವ ವಿದ್ಯೆ ಅದು. ಅದನ್ನು ಬಲ್ಲ ದೇಶಗಳು ಬೆರಳೆಣಿಕೆಯಷ್ಟು, ಅವು ಅದನ್ನು ಸುಲಭವಾಗಿ ಹೇಳಿಕೊಡುವುದಿಲ್ಲ.

ಅಜ್ಜಂಪುರದ ಸುತ್ತಲಿನವರಿಗೆ ಈ ಸತ್ಯ ಹೊಸದೇನಲ್ಲ. ಅಲ್ಲಿಯ ಅಮೃತಮಹಲ್ ತಳಿಯ ಎತ್ತುಗಳು ಒಂದು ಕಾಲಕ್ಕೆ ಹೈದರ್, ಟಿಪ್ಪುಗಳ ಸೈನ್ಯದ ಬಲವಾಗಿದ್ದವು. ತೋಪು ಎಷ್ಟೇ ದೊಡ್ಡದಿರಲಿ, ಎಳೆಯುವ ಎತ್ತು ಇಲ್ಲದಿದ್ದರೆ ಅದು ಇದ್ದಲ್ಲಿಯೇ ಇರುತ್ತದೆ. ಆದುದರಿಂದಲೇ ಮೈಸೂರಿನ ಅರಸರು ತೋಪಿನಷ್ಟೇ ಜತನದಿಂದ ತಳಿಯನ್ನೂ ಕಾಪಾಡಿದರು. ಕಾವಲುಗಳನ್ನು ಮೀಸಲಿಟ್ಟು ತಲೆಮಾರುಗಳವರೆಗೆ ಬೆಳೆಸಿದರು. ಒಳ್ಳೆಯ ಎತ್ತನ್ನು ಸಂತೆಯಲ್ಲಿ ಒಂದು ದಿನ ಕೊಳ್ಳಬಹುದು. ಒಳ್ಳೆಯ ತಳಿಯನ್ನು ಕೊಳ್ಳಲಾಗದು, ಬೆಳೆಸಬೇಕು. ಎಂಜಿನಿನ ವಿದ್ಯೆಯೂ ಅಂಥದೇ. ವಾಲಚಂದರು ೧೯೧೯ರಲ್ಲಿ ಹಡಗಿನಿಂದ ಕಲಿತ ಪಾಠ ವಿಮಾನದ ವಿಷಯದಲ್ಲಿ ಇನ್ನೂ ಪೂರ್ತಿಯಾಗಿಲ್ಲ.

ಅವರ ಕೊನೆಯ ವರ್ಷಗಳು ನೋವಿನವು. ೧೯೪೯ರಲ್ಲಿ ಪಾರ್ಶ್ವವಾಯು ಬಡಿಯಿತು. ೧೯೫೦ರಲ್ಲಿ ವ್ಯವಹಾರದಿಂದ ದೂರ ಸರಿದರು. ದೇಶದ ಮೂಲೆ ಮೂಲೆಗಳಲ್ಲಿ ಸುರಂಗ, ಸೇತುವೆ, ಸಕ್ಕರೆ ಕಾರಖಾನೆಗಳನ್ನು ಎಬ್ಬಿಸಿದವರು ಹಾಸಿಗೆ ಹಿಡಿದರು. ವಿಶಾಖಪಟ್ಟಣದ ಹಡಗು ಕಾರಖಾನೆ ೧೯೫೨ರಲ್ಲಿ ಸರಕಾರದ ಒಡೆತನಕ್ಕೆ ತಿರುಗಿತು. ೧೯೫೩ನೆಯ ಏಪ್ರಿಲ್ ೮ರಂದು ಗುಜರಾತಿನ ಸಿದ್ಧಪುರದಲ್ಲಿ ಅವರು ಕಾಲವಾದರು. ಎಚ್.ಟಿ.-೨ ಹಾರಿದಾಗ ಅವರು ಬದುಕಿದ್ದರು. ಆದರೆ ಆ ಹೊತ್ತಿಗೆ ಬೆಂಗಳೂರಿನ ಕಾರಖಾನೆಗೂ ಅವರಿಗೂ ಕಾಗದಪತ್ರದ ಸಂಬಂಧವೇನೂ ಉಳಿದಿರಲಿಲ್ಲ. ೧೯೬೪ನೆಯ ಅಕ್ಟೋಬರ್ ೧ರಂದು ಆ ಸಂಸ್ಥೆ ಹಿಂದೂಸ್ಥಾನ್ ಏರೋನಾಟಿಕ್ಸ್ ಎಂಬ ಹೊಸ ಹೆಸರನ್ನು ಪಡೆಯಿತು. ಮಹಾರಾಷ್ಟ್ರದಲ್ಲಿ ಅವರ ಹೆಸರು ವಾಲಚಂದನಗರದಲ್ಲಿಯೂ ಸಾಂಗಲಿಯ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಉಳಿದಿದೆ. ನಮ್ಮ ಕಡೆಯಲ್ಲಿ ವಿಮಾನ ಕಾರಖಾನೆಯೆಂದೊಡನೆ ಮಿರ್ಜಾ ಇಸ್ಮಾಯಿಲರನ್ನು ನೆನೆಯುವಷ್ಟು ಸಹಜವಾಗಿ ವಾಲಚಂದರನ್ನು ನೆನೆಯುವ ರೂಢಿ ಬೆಳೆಯಲಿಲ್ಲ. ವರ್ತಕರನ್ನು ಮರೆಯುವುದರಲ್ಲಿ ನಾವು ಸ್ವಲ್ಪ ಚುರುಕು.

ಇಂದು ಶಾಲೆಯ ಬಯಲಿನಲ್ಲಿ ಬಾಲ್ಸಾ ಮರದ ವಿಮಾನವನ್ನು ಹಾರಿಸುವ ಹುಡುಗಿಯೋ ಹುಡುಗನೋ ಇದ್ದರೆ, ಅದು ಪೆಟ್ಟಿಗೆಯಿಂದ ಬಂದದ್ದೆಂದು ಯಾರೂ ಅವರನ್ನು ಹಗುರವಾಗಿ ಕಾಣಬಾರದು. ಮೊದಲು ಪರರ ಭಾಗಗಳನ್ನು ಸರಿಯಾಗಿ ಕೂಡಿಸಲಿ. ಆಮೇಲೆ ಒಂದು ಪಕ್ಕೆಲುಬನ್ನು ತಾವೇ ಕತ್ತರಿಸಲಿ. ಅನಂತರ ನಕ್ಷೆಯನ್ನು ಬರೆಯಲಿ. ಎಂಜಿನು ಕೊನೆಗೆ ಬರುತ್ತದೆ, ಕಷ್ಟದಿಂದ ಬರುತ್ತದೆ. ವಾಲಚಂದರು ತಮ್ಮ ಪಾಲಿಗೆ ಬಂದ ಮೊದಲನೆಯ ಮೆಟ್ಟಿಲನ್ನು ಹತ್ತಿ, ಎರಡನೆಯದಕ್ಕೆ ಕಾಲಿಡುವ ಮೊದಲೇ ಕೆಳಗಿಳಿಯಬೇಕಾಯಿತು. ಎರಡನೆಯ ಮೆಟ್ಟಿಲನ್ನು ಘಾಟಗೆಯವರಂಥವರು ಹತ್ತಿದರು. ಮೂರನೆಯದು ಇನ್ನೂ ನಮ್ಮ ಮಕ್ಕಳಿಗಾಗಿ ಕಾದಿದೆ.